ಶಾರ್ತ್ರದ ಕಿಟಕಿಗಳನ್ನು ಕೆಳಗಿನಿಂದ ಓದಬೇಕು

ಶಾರ್ತ್ರಕ್ಕೆ ಹೋಗುವವರು ಕ್ಯಾಮೆರಾ ಮರೆತರೂ ಪರವಾಗಿಲ್ಲ, ಬೈನಾಕ್ಯುಲರ್ ಮರೆಯಬಾರದು. ಪ್ಯಾರಿಸ್ಸಿನ ಮೊಂಪಾರ್ನಾಸ್ ನಿಲ್ದಾಣದಿಂದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಊರಿನ ನೆತ್ತಿಯ ಮೇಲೆ ನಿಂತ ಕೆಥೆಡ್ರಲ್ಲಿನ ಎರಡು ಶಿಖರಗಳು ಒಂದಕ್ಕೊಂದು ಹೊಂದುವುದೇ ಇಲ್ಲ. ಒಂದು 12ನೇ ಶತಮಾನದ್ದು, ಆಡಂಬರವಿಲ್ಲದ್ದು. ಇನ್ನೊಂದು, ಹಳೆಯ ಮರದ ಶಿಖರ ಸಿಡಿಲಿಗೆ ಸುಟ್ಟುಹೋದ ಮೇಲೆ 16ನೇ ಶತಮಾನದ ಆರಂಭದಲ್ಲಿ ಜೆಹಾನ್ ದ ಬೋಸ್ ಕಟ್ಟಿದ ಕುಸುರಿ ಕೆಲಸ. ಹೊರಗಿನ ಶಿಲ್ಪಗಳಿಗೇ ಒಂದು ದಿನ ಸಾಲದು. ಆದರೆ ಒಳಗೆ ಸುಮಾರು 2,600 ಚದರ ಮೀಟರ್ ಬಣ್ಣದ ಗಾಜಿದೆ, ಅದರಲ್ಲಿ ಬಹುಪಾಲು 12 ಮತ್ತು 13ನೇ ಶತಮಾನದ್ದು. ಹೊತ್ತು ಕಡಿಮೆಯಿದ್ದರೆ ಶಿಲ್ಪ ಬಿಟ್ಟು ಗಾಜು ನೋಡಿ.

1194ರಲ್ಲಿ ಇಲ್ಲಿದ್ದ ಹಳೆಯ ಚರ್ಚು ಬೆಂಕಿಗೆ ಆಹುತಿಯಾಯಿತು. ಪಶ್ಚಿಮದ ಮುಂಭಾಗ, ಅದರ ಮೂರು ಕಿಟಕಿಗಳು ಉಳಿದವು. ಯೇಸುವಿನ ತಾಯಿ ಮೇರಿಯದೆಂದು ನಂಬಿ ಪೂಜಿಸುತ್ತಿದ್ದ ವಸ್ತ್ರವೂ ನೆಲಮಾಳಿಗೆಯಲ್ಲಿ ಸುರಕ್ಷಿತವಾಗಿ ಸಿಕ್ಕಿತಂತೆ. ಜನ ಅದನ್ನು ಮೇರಿಯ ಸೂಚನೆಯೆಂದೇ ಬಗೆದರು. ಸರಿ, ಹಣ ಹರಿದುಬಂತು. ಮೂವತ್ತು ವರ್ಷದ ಆಸುಪಾಸಿನಲ್ಲಿ ಹೊಸ ಕಟ್ಟಡದ ಬಹುಭಾಗ ಎದ್ದಿತು. ಚಾವಣಿಯ ಒತ್ತಡವನ್ನು ಹೊರಗಿನ ಆನಿಕೆ ಕಮಾನುಗಳು ಹೊತ್ತಿದ್ದರಿಂದ, ಗೋಡೆ ಇರಬೇಕಾದ ಕಡೆಯೆಲ್ಲ ಗಾಜು ಕೂರಿಸಲು ಸಾಧ್ಯವಾಯಿತು.

ಆ ಗಾಜು ಆಗುತ್ತಿದ್ದುದು ಮರಳು, ಮರದ ಬೂದಿಯಿಂದ. ಕರಗಿದ ಗಾಜಿಗೆ ಕೋಬಾಲ್ಟ್ ಸೇರಿದರೆ ನೀಲಿ, ತಾಮ್ರ ಸೇರಿದರೆ ಕೆಂಪು. ತಾಮ್ರದ ಕೆಂಪು ದಪ್ಪವಾದರೆ ಬೆಳಕೇ ದಾಟದು. ಹಾಗಾಗಿ ಬಿಳಿ ಗಾಜಿನ ಮೇಲೆ ಅದನ್ನು ತೆಳ್ಳಗೆ ಹೊದಿಸುತ್ತಿದ್ದರು. ಸುಣ್ಣ ಬಳಿದ ಹಲಗೆಯ ಮೇಲೆ ಚಿತ್ರ ಗೀಚಿ, ಅದರ ಅಳತೆಗೆ ಗಾಜು ತುಂಡರಿಸಿ, ಮುಖ, ಬೆರಳು, ಬಟ್ಟೆಯ ಮಡಿಕೆಗಳನ್ನು ಕಂದು ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ ಸುಡುತ್ತಿದ್ದರು. ಆಮೇಲೆ ಸೀಸದ ಪಟ್ಟಿಗಳಲ್ಲಿ ತುಂಡುಗಳನ್ನು ಜೋಡಿಸಿ ಬೆಸೆಯುವುದು. ಹತ್ತಿರದಿಂದ ನೋಡಿದರೆ ಈ ಸೀಸದ ಕಪ್ಪು ಗೆರೆಯೇ ಚಿತ್ರದ ಅರ್ಧ ಜೀವ. ದಕ್ಷಿಣದ ಪ್ರದಕ್ಷಿಣಾ ಪಥದಲ್ಲಿರುವ ನೀಲಿಯುಡುಗೆಯ ಮೇರಿ 1194ರ ಬೆಂಕಿಯನ್ನು ದಾಟಿ ಬಂದವಳು. ಆ ನೀಲಿಯ ಮುಂದೆ ಪಕ್ಕದ 13ನೇ ಶತಮಾನದ ನೀಲಿ ತುಸು ಮಂಕೇ ಅನ್ನಿಸುತ್ತದೆ.

ಕಿಟಕಿಗಳ ಕಥೆ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಬುಡದಲ್ಲಿ ಹಲವು ಕಡೆ ಸಂತರಿಲ್ಲ, ಕಸುಬಿನವರಿದ್ದಾರೆ. ಬೈಬಲ್ಲಿನ ನೋಹನ ಕಿಟಕಿಯಲ್ಲಿ ಬಡಗಿಗಳು, ಒಳ್ಳೆಯ ಸಮಾರ್ಯದವನ ಕಿಟಕಿಯಲ್ಲಿ ಚಮ್ಮಾರರು. ಚಕ್ರವರ್ತಿ ಶಾರ್ಲಮೇನ್ ಕಿಟಕಿಯ ತಳದಲ್ಲಿ ತುಪ್ಪಳದ ವ್ಯಾಪಾರಿ ಗಿರಾಕಿಯ ಮುಂದೆ ಸರಕು ಬಿಡಿಸಿ ಹಿಡಿದಿದ್ದಾನೆ, ಥೇಟ್ ನಮ್ಮ ಸೀರೆ ಅಂಗಡಿಯವನ ಹಾಗೆ. ಇವರೇ ದಾನಿಗಳು ಎಂಬುದು ಹಳೆಯ ನಂಬಿಕೆ. ಅವರು ನಿಜವಾಗಿ ದುಡ್ಡು ಕೊಟ್ಟರೋ, ಪಾದ್ರಿಗಳೇ ಅವರನ್ನು ಚಿತ್ರಿಸಿದರೋ ಎಂದು ಈಚಿನ ಇತಿಹಾಸಕಾರರಲ್ಲಿ ವಾದವಿದೆ. ದುಡ್ಡು ಯಾರದ್ದೇ ಇರಲಿ, ಆ ಕಾಲದ ಕಸುಬಿನವನ ಕೈ ಹೀಗೆ ಕೆಲಸದಲ್ಲಿ ತೊಡಗಿರುವ ನೋಟ ಕಣ್ಣಳತೆಯಲ್ಲೇ ಕಾಣಸಿಗುವುದೇ ದೊಡ್ಡದು.

ಗಾಜು ಉಳಿದದ್ದು ತಾನಾಗಿ ಅಲ್ಲ. ಎರಡೂ ಮಹಾಯುದ್ಧಗಳಲ್ಲಿ ಅದನ್ನು ಬಿಚ್ಚಿ ಬೇರೆಡೆ ಸಾಗಿಸಿದ್ದರು. 1944ರ ಆಗಸ್ಟಿನಲ್ಲಿ ಗೋಪುರದಲ್ಲಿ ಜರ್ಮನ್ ಸೈನಿಕರಿದ್ದಾರೆಂಬ ಗುಮಾನಿ ಅಮೆರಿಕದ ಸೇನೆಗಿತ್ತು. ಅದರ ಕರ್ನಲ್ ವೆಲ್ಬರ್ನ್ ಗ್ರಿಫಿತ್ ಸ್ವತಃ ಒಳಹೊಕ್ಕು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಫಿರಂಗಿ ದಾಳಿ ತಪ್ಪಿಸಿದರು. ಅದೇ ದಿನ ಪಕ್ಕದ ಲೇವ್‌ನಲ್ಲಿ ಗುಂಡಿಗೆ ಬಲಿಯಾದರು.

ಈಚಿನ ಜಗಳ ಗೋಡೆಯದ್ದು. 2009ರಿಂದ ನಡೆದ ಜೀರ್ಣೋದ್ಧಾರದಲ್ಲಿ ಮಸಿ ತೆಗೆದು, ಅಡಿಯಲ್ಲಿ ಸಿಕ್ಕ ಹಳೆಯ ತಿಳಿ ಬಣ್ಣವನ್ನು ಮರಳಿ ತಂದಿದ್ದಾರೆ. ಕತ್ತಲೆ ಹೋಯಿತು, ಗಾಜಿನ ಹೊಳಪು ತಗ್ಗಿತು ಎಂದು ಟೀಕಾಕಾರರು ಹರಿಹಾಯ್ದರು. ಹೊಳಪಿನ ಮಾತು ಸ್ವಲ್ಪ ನಿಜವೇ. ಆದರೆ ಮೋಂಬತ್ತಿಯ ಹೊಗೆಯನ್ನು ಭಕ್ತಿ ಎಂದು ಕಾಪಾಡಬೇಕೆ?

ಚರ್ಚನ್ನೂ ಸರ್ಕಾರವನ್ನೂ ಬೇರ್ಪಡಿಸಿದ 1905ರ ಕಾನೂನಿನ ಪ್ರಕಾರ ಕಟ್ಟಡ ಸರ್ಕಾರದ್ದು, ಪೂಜೆ ಕ್ಯಾಥೊಲಿಕರದ್ದು. ಒಳಗೆ ಹೋಗಲು ಟಿಕೆಟ್ ಬೇಡ, ಗೋಪುರ ಹತ್ತಲು ಬೇಕು. ಪೂಜೆಯ ಹೊತ್ತಿನಲ್ಲಿ ಅಡ್ಡಾಡುವಂತಿಲ್ಲ. ನೆಲದಲ್ಲಿ ಹದಿಮೂರು ಮೀಟರಿನಷ್ಟು ಅಗಲದ ಕಲ್ಲಿನ ಚಕ್ರವ್ಯೂಹವಿದೆ, ಬಹುತೇಕ ದಿನ ಕುರ್ಚಿಗಳ ಅಡಿಯಲ್ಲಿರುತ್ತದೆ. ಅದನ್ನು ನಡೆಯುವ ಆಸೆಯಿದ್ದರೆ ವಸಂತದಿಂದ ಶರತ್ಕಾಲದವರೆಗಿನ ಶುಕ್ರವಾರಗಳಲ್ಲಿ ಹೋಗಿ, ಸಾಮಾನ್ಯವಾಗಿ ಅಂದು ಕುರ್ಚಿ ತೆಗೆದಿರುತ್ತಾರೆ.