ಗೌಂಡಿಯ ನೀರಿನ ಪೈಪು ಮತ್ತು ದ್ರವಸ್ತಂಭದ ಆಂದೋಲನ

ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಮನೆ ಕಟ್ಟುವ ಗೌಂಡಿಯು ದೂರದ ಎರಡು ಗೋಡೆಗಳ ಮೇಲೆ ಸಮಮಟ್ಟದ ಗುರುತು ಹಾಕಬೇಕಾದಾಗ, ನೀರು ತುಂಬಿದ ಪಾರದರ್ಶಕ ಪೈಪನ್ನು ಬಳಸುವುದುಂಟು. ತುದಿಗಳೆರಡನ್ನೂ ಎತ್ತಿ ಹಿಡಿದಾಗ ಅದು ‘ಯು’ ಆಕಾರದ ನಳಿಕೆಯಾಗುತ್ತದೆ. ನೀರು ಕೂಡಲೇ ನಿಲ್ಲದೆ, ಒಂದು ತುದಿಯಲ್ಲಿ ಏರುತ್ತ ಇನ್ನೊಂದರಲ್ಲಿ ಇಳಿಯುತ್ತ ತೂಗಾಡುತ್ತದೆ. ಅದು ನಿಲ್ಲುವ ಮೊದಲೇ ಗುರುತು ಹಾಕಿದರೆ ನೆಲವು ವಾಲುವುದು ನಿಶ್ಚಯ. ಹಾಗಾದರೆ ಈ ತೂಗಾಟದ ಕಾಲವನ್ನು ನಿರ್ಣಯಿಸುವುದು ಯಾವುದು?

ಒಂದು ಭುಜದಲ್ಲಿ ನೀರು ಒಂದಂಗುಲ ಇಳಿದರೆ ಇನ್ನೊಂದರಲ್ಲಿ ಒಂದಂಗುಲ ಏರುತ್ತದೆ. ಮಟ್ಟಗಳ ಅಂತರ ಎರಡಂಗುಲ. ಈ ಎರಡಂಗುಲ ನೀರಿನ ಭಾರವೇ ಇಡೀ ಸ್ತಂಭವನ್ನು ಹಿಂದಕ್ಕೆ ನೂಕುವ ಬಲ. ಸಮಸ್ಥಿತಿಯಲ್ಲಿ ಈ ಬಲವು ಶೂನ್ಯವಾದರೂ ವೇಗವು ಉಳಿದಿರುವುದರಿಂದ, ನೀರು ಜಡತ್ವದ ಮೂಲಕ ಮುಂದೆ ಸಾಗಿ ಎದುರು ಭುಜದಲ್ಲಿ ಏರುತ್ತದೆ. ನಳಿಕೆ ಅಗಲವಾದರೆ ನೂಕುವ ಭಾರವೂ ಚಲಿಸಬೇಕಾದ ದ್ರವ್ಯರಾಶಿಯೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ನೀರಿಗೆ ಬದಲಾಗಿ ಪಾದರಸವಿದ್ದರೂ ಹಾಗೆಯೇ. ಆದಕಾರಣ, ಘರ್ಷಣೆ ಅಲ್ಪವಾಗಿರುವಲ್ಲಿ, ಆಂದೋಲನದ ಅವಧಿಗೆ ಅಗಲವೂ ಸಾಂದ್ರತೆಯೂ ಕಾರಣವಲ್ಲ. ಸ್ತಂಭದ ಒಟ್ಟು ಉದ್ದವೇ ಕಾರಣ. ಉದ್ದ 2 ಮೀಟರ್ ಇದ್ದರೆ ಅವಧಿ ಸುಮಾರು 2 ಸೆಕೆಂಡು. 8 ಮೀಟರ್ ಇದ್ದರೆ ಸುಮಾರು 4 ಸೆಕೆಂಡು. ಉದ್ದ ನಾಲ್ಮಡಿಯಾದಾಗ ಅವಧಿ ಇಮ್ಮಡಿಯಾಗುತ್ತದೆ.

ಈ ತತ್ತ್ವವನ್ನು ನ್ಯೂಟನ್ 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ದ ಎರಡನೆಯ ಭಾಗದಲ್ಲಿ ಸಾಧಿಸಿದನು. ನೀರಿನ ಉದ್ದದ ಅರ್ಧದಷ್ಟು ಉದ್ದದ ಲೋಲಕವೂ ಆ ನೀರೂ ಒಂದೇ ಕಾಲದಲ್ಲಿ ತೂಗುತ್ತವೆ ಎಂಬುದು ಅವನ ಪ್ರಮೇಯದ ಸಾರ. ರಾಯಚೂರನ್ನು ಬಹುಕಾಲ ಆಳಿದ ಆದಿಲಶಾಹಿ ರಾಜ್ಯವು ಅಳಿದದ್ದು ಅದರ ಹಿಂದಿನ ವರ್ಷವೇ, ಅಂದರೆ 1686ರಲ್ಲಿ. ಆ ರಾಜ್ಯದ ರಾಜಧಾನಿಯಾದ ವಿಜಾಪುರದಲ್ಲಿ, 1651ರ ಬೇಗಂ ತಲಾಬಿನ ನೀರು ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ಹರಿಯುತ್ತಿತ್ತು. ಒತ್ತಡದಿಂದ ಕೊಳವೆ ಒಡೆಯದಂತೆ ಹಾದಿಯಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿದ್ದರು. ನೀರು ಒಂದು ಗಂಜಿನಿಂದಿಳಿದು ಮುಂದಿನದರಲ್ಲಿ ಏರುವುದರಿಂದ ಅವೆರಡರ ನಡುವಣ ಹಾದಿ ‘ಯು’ ನಳಿಕೆಯನ್ನೇ ಹೋಲುತ್ತದೆ. ಉದ್ದನೆಯ ಕೊಳವೆಯಲ್ಲಿ ಹರಿವು ಥಟ್ಟನೆ ತಡೆಯಲ್ಪಟ್ಟಾಗ, ಮೇಲೆ ತೆರೆದ ಗೋಪುರವು ಆ ರಭಸಕ್ಕೆ ಏರಿಳಿಯಲು ಎಡೆಗೊಡುತ್ತದೆ. ಪ್ರಮೇಯವು ಬರಹಕ್ಕೆ ಬರುವ ಮುನ್ನವೇ ನಮ್ಮ ಕುಶಲಕರ್ಮಿಗಳು ನೀರಿನ ನಡತೆಯನ್ನು ಅನುಭವದಿಂದ ಅರಿತು ಕಟ್ಟಿದ್ದರೆಂಬುದು ಇತಿಹಾಸದ ವಿದ್ಯಾರ್ಥಿಗೆ ಗಮನಾರ್ಹ.

ಗೌಂಡಿಯ ಪೈಪು ಕಿರಿದಾದ್ದರಿಂದ ಘರ್ಷಣೆಯು ಆಂದೋಲನವನ್ನು ಬೇಗನೆ ತಣಿಸುತ್ತದೆ. ಆದರೆ ಒಳಗೆ ಗಾಳಿಗುಳ್ಳೆ ಉಳಿದರೆ, ನೀರು ನಿಂತ ಮೇಲೂ ಮಟ್ಟ ತಪ್ಪಬಹುದು. ಕಾಲೇಜಿನಲ್ಲಿ ಅಗಲವಾದ ನಳಿಕೆಯೊಂದರಲ್ಲಿ 2 ಮೀಟರ್ ನೀರು ತುಂಬಿ, ಪಕ್ಕದಲ್ಲಿ 1 ಮೀಟರ್ ಉದ್ದದ ಲೋಲಕವನ್ನು ತೂಗಬಿಟ್ಟು ನೋಡಿದರೆ, ಎರಡೂ ಹೆಜ್ಜೆಗೂಡಿ ಚಲಿಸುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣಬಹುದು.