ಸ್ಪ್ಯಾನಿಷ್‌ನಲ್ಲಿ ‘ನೀನು’ ಎನ್ನುವ ಮುನ್ನ

2007ರ ನವೆಂಬರ್‌ನಲ್ಲಿ ಚಿಲಿಯ ರಾಜಧಾನಿ ಸಾಂತಿಯಾಗೊದಲ್ಲಿ ಒಂದು ಶೃಂಗಸಭೆ. ಸ್ಪೇನ್, ಪೋರ್ಚುಗಲ್ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳ ಮುಖ್ಯಸ್ಥರೆಲ್ಲ ಸೇರಿದ್ದರು. ವೆನೆಜುವೆಲಾದ ಅಧ್ಯಕ್ಷ ಹ್ಯೂಗೊ ಚಾವೆಸ್ ಸ್ಪೇನ್‌ನ ಮಾಜಿ ಪ್ರಧಾನಿಯೊಬ್ಬರನ್ನು ಫ್ಯಾಸಿಸ್ಟ್ ಎಂದು ಜರೆದದ್ದಲ್ಲದೆ, ಅದಕ್ಕೆ ಉತ್ತರಿಸಲು ಹೊರಟ ಅಂದಿನ ಪ್ರಧಾನಿಯ ಮಾತಿಗೂ ಪದೇ ಪದೇ ಅಡ್ಡ ಬಾಯಿ ಹಾಕುತ್ತಿದ್ದರು. ಸಭೆಯಲ್ಲಿದ್ದ ಸ್ಪೇನ್ ದೊರೆ ಹ್ವಾನ್ ಕಾರ್ಲೋಸ್‌ಗೆ ತಡೆಯಲಾಗಲಿಲ್ಲ. ‘ಪೊರ್ ಕೆ ನೊ ತೆ ಕಾಯಾಸ್?’ ಎಂದುಬಿಟ್ಟರು. ಸುಮ್ಮನಿರಬಾರದಾ ನೀನು?

ಕುಟುಕು ಇದ್ದದ್ದು ‘ತೆ’ ಎಂಬ ಆ ಒಂದಕ್ಷರದಲ್ಲಿ. ದೇಶವೊಂದರ ಅಧ್ಯಕ್ಷರಿಗೆ ಸಲ್ಲುವ ಮರ್ಯಾದೆಯ ರೂಪ ‘ಸೆ ಕಾಯಾ’. ದೊರೆ ಬಳಸಿದ್ದು ಮಕ್ಕಳನ್ನೋ ಗೆಳೆಯರನ್ನೋ ಗದರುವ ಏಕವಚನ. ಸಿಟ್ಟು ಮೊದಲು ಕೆಡವುವುದು ಸರ್ವನಾಮವನ್ನೇ ಎಂಬುದು ಕನ್ನಡಿಗರಿಗೆ ಹೊಸ ಸಂಗತಿಯೇನಲ್ಲ.

ಸ್ಪ್ಯಾನಿಷ್ ಕಲಿಯಲು ಕುಳಿತ ಕನ್ನಡಿಗರಿಗೆ ಮೊದಲ ಪಾಠಗಳು ನಿಜಕ್ಕೂ ಹಗುರ. ‘ನಾಳೆ ಬರ್ತೀನಿ’ ಎಂದರೆ ಸಾಕು, ‘ನಾನು’ ಹೇಳಬೇಕಿಲ್ಲ. ಕ್ರಿಯಾಪದದ ಕೊನೆಯೇ ಅದನ್ನು ಹೇಳುತ್ತದೆ. ಸ್ಪ್ಯಾನಿಷ್‌ನಲ್ಲೂ ಹಾಗೆಯೇ. ‘ಆಬ್ಲೊ’ ಎಂದರೆ ಮಾತಾಡುತ್ತೇನೆ, ‘ಆಬ್ಲಾಸ್’ ಎಂದರೆ ಮಾತಾಡುತ್ತೀಯ, ‘ಆಬ್ಲಾಮೋಸ್’ ಎಂದರೆ ಮಾತಾಡುತ್ತೇವೆ. ಇಂಗ್ಲಿಷ್ ಅಭ್ಯಾಸದಿಂದ ಪ್ರತಿ ವಾಕ್ಯಕ್ಕೂ ‘ಯೊ’, ಅಂದರೆ ‘ನಾನು’, ಸೇರಿಸುತ್ತ ಹೋದರೆ ಕೇಳುವವರಿಗೆ ‘ನಾನು, ನಾನೇ’ ಎಂದು ಎದೆ ತಟ್ಟಿಕೊಂಡ ಹಾಗೆ ಕೇಳಿಸುತ್ತದೆ. ಒಂದು ಕಡೆ ಮಾತ್ರ ಕನ್ನಡದ ಕ್ರಿಯಾಪದ ಹೆಚ್ಚು ಹೇಳುತ್ತದೆ: ‘ಆಬ್ಲಾ’ ಎಂದರೆ ಮಾತಾಡುತ್ತಾನೆ, ಮಾತಾಡುತ್ತಾಳೆ ಎರಡೂ ಆಗಬಹುದು. ಗೊಂದಲವಾಗುವಂತಿದ್ದರೆ ‘ಎಲ್’ (ಅವನು) ಅಥವಾ ‘ಎಯಾ’ (ಅವಳು) ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಪ್ರತಿಯಾಗಿ ಸ್ಪ್ಯಾನಿಷ್‌ನ ‘ನಾವು’ ಎಂಬುದಕ್ಕೇ ಲಿಂಗವಿದೆ. ಹೆಂಗಸರೇ ಇರುವ ಗುಂಪು ತನ್ನನ್ನು ‘ನೊಸೋತ್ರಾಸ್’ ಎನ್ನುತ್ತದೆ. ಗಂಡಸೊಬ್ಬ ಸೇರಿದರೂ ರೂಢಿಯ ವ್ಯಾಕರಣದಲ್ಲಿ ಅದು ‘ನೊಸೋತ್ರೋಸ್’ ಆಗಿಬಿಡುತ್ತದೆ.

ಎದುರಿಗಿರುವವರನ್ನು ಏನೆಂದು ಕರೆಯಬೇಕು? ತೊಡಕು ಶುರುವಾಗುವುದು ಇಲ್ಲಿ.

ಪಠ್ಯಪುಸ್ತಕದ ಪ್ರಕಾರ ‘ತು’ ಎಂದರೆ ನೀನು, ‘ಉಸ್ತೆದ್’ ಎಂದರೆ ನೀವು. ಆದರೆ ‘ಉಸ್ತೆದ್’ ಜೊತೆ ಬರುವ ಕ್ರಿಯಾಪದ ‘ಅವನು–ಅವಳು’ಗಳದ್ದು. ಇದರ ಹಿಂದೆ ಒಂದು ಕಥೆಯಿದೆ. ಹಳೆಯ ಸ್ಪ್ಯಾನಿಷ್‌ನಲ್ಲಿ ಮರ್ಯಾದೆಯ ರೂಪವಾಗಿದ್ದದ್ದು ‘ಬೋಸ್’. ಎಲ್ಲರೂ ಎಲ್ಲರಿಗೂ ಬಳಸಿ ಬಳಸಿ ಅದು ಸವೆದುಹೋಯಿತು. ಆಗ ಮೇಲೆ ಬಂದದ್ದು ‘ಬ್ವೆಸ್ತ್ರ ಮೆರ್ಸೆದ್’, ಅಂದರೆ ‘ತಮ್ಮ ಕೃಪೆ’. ಜನರ ಬಾಯಲ್ಲಿ ಅದೇ ಕುಗ್ಗಿ ‘ಉಸ್ತೆದ್’ ಆಯಿತು. ಮಾತಿನಲ್ಲಿ ಕರ್ತೃ ‘ಕೃಪೆ’ಯಾದ್ದರಿಂದ ಕ್ರಿಯಾಪದ ಪ್ರಥಮ ಪುರುಷದಲ್ಲೇ ಉಳಿಯಿತು. ಮಠದಲ್ಲಿ ಗುರುಗಳ ಎದುರೇ ನಿಂತು ‘ಸ್ವಾಮಿಗಳು ಯಾವಾಗ ಬಂದರು?’ ಎಂದು ಕೇಳುವವರಿಗೆ ಈ ನಯ ವಿವರಿಸಬೇಕಿಲ್ಲ.

ಈ ಬದಲಾವಣೆ ನಡೆಯುತ್ತಿದ್ದ ಕಾಲವನ್ನು ಸೆರ್ವಾಂತೆಸ್ ತನ್ನ ‘ಡಾನ್ ಕಿಹೋತೆ’ ಕಾದಂಬರಿಯಲ್ಲಿ ಹಿಡಿದಿಟ್ಟಿದ್ದಾನೆ. ಅದರ ಎರಡು ಭಾಗಗಳು ಬಂದದ್ದು 1605 ಮತ್ತು 1615ರಲ್ಲಿ. ಆಳು ಸಾಂಚೊ ಒಡೆಯ ಕಿಹೋತೆಗೆ ‘ಬ್ವೆಸ್ತ್ರ ಮೆರ್ಸೆದ್’ ಎನ್ನುತ್ತಾನೆ. ಒಡೆಯ ಅವನಿಗೆ ‘ತು’ ಎನ್ನುತ್ತಾನೆ. ಸಿಟ್ಟು ಬಂದಾಗ ಕಿಹೋತೆ ‘ಬೋಸ್’ಗೆ ಹೊರಳುತ್ತಾನೆ, ಆಳನ್ನು ದೂರ ನಿಲ್ಲಿಸಲಿಕ್ಕೆ.

ಸ್ಪೇನ್‌ನಲ್ಲಿ ಬಳಕೆ ತಪ್ಪಿದ ‘ಬೋಸ್’ ಸಾಗರದಾಚೆ ಬದುಕಿಕೊಂಡಿತು. ಆಸ್ಥಾನದ ಫ್ಯಾಷನ್ ಬೇಗ ತಲುಪುತ್ತಿದ್ದ ಮೆಕ್ಸಿಕೊ ಮತ್ತು ಲಿಮಾ ನಗರಗಳಲ್ಲಿ ‘ತು’ ಗೆದ್ದಿತು. ದೂರದ ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ ಹಾಗೂ ಮಧ್ಯ ಅಮೆರಿಕದ ಬಹುಭಾಗದಲ್ಲಿ ‘ಬೋಸ್’ ಉಳಿಯಿತು. ಮರ್ಯಾದೆಯ ರೂಪವಾಗಿ ಅಲ್ಲ, ಸಲುಗೆಯ ‘ನೀನು’ ಆಗಿ. ‘ನಿನ್ನ ಹತ್ತಿರ ಇದೆ’ ಎನ್ನಲು ಮ್ಯಾಡ್ರಿಡ್‌ನವರು ‘ತು ತ್ಯೆನೆಸ್’ ಎಂದರೆ ಬ್ಯೂನಸ್ ಐರಿಸ್‌ನವರು ‘ಬೋಸ್ ತೆನೆಸ್’ ಎನ್ನುತ್ತಾರೆ. ಅಲ್ಲಿನ ಶಾಲೆಗಳು ಬಹುಕಾಲ ಮಕ್ಕಳಿಗೆ ‘ತು’ ಕಲಿಸಿದವು. ಮಕ್ಕಳು ಮನೆಗೆ ಬಂದು ‘ಬೋಸ್’ ಎಂದರು. ಅಲ್ಲಿನ ವ್ಯಂಗ್ಯಚಿತ್ರಕಾರ ಕೀನೊ 1964ರಲ್ಲಿ ಆರಂಭಿಸಿದ ಕಾಮಿಕ್‌ನ ಪುಟಾಣಿ ಮಫಾಲ್ದಾ ಮಾತಾಡುವುದೂ ಇದೇ ‘ಬೋಸ್’ ಭಾಷೆಯನ್ನೇ.

ಕೊಲಂಬಿಯಾದಲ್ಲಿ ಲೆಕ್ಕ ಇನ್ನೊಂದು ಬಗೆ. ಬೊಗೊಟಾ ಸುತ್ತಿನ ಬೆಟ್ಟಸೀಮೆಯಲ್ಲಿ ಗೆಳೆಯರು, ಅಣ್ಣತಮ್ಮಂದಿರು ಕೂಡ ಪರಸ್ಪರ ‘ಉಸ್ತೆದ್’ ಎನ್ನುವುದುಂಟು. ಬೊಯಾಕಾ ಪ್ರಾಂತ್ಯದಲ್ಲಿ ಹಳೆಯ ‘ಕೃಪೆ’ ಇನ್ನೂ ‘ಸುಮೆರ್ಸೆ’ ಎಂಬ ಅಕ್ಕರೆಯ ರೂಪದಲ್ಲಿ ಸಂತೆಯಲ್ಲೂ ಅಡುಗೆಮನೆಯಲ್ಲೂ ಕೇಳುತ್ತದೆ.

ಬಹುವಚನದಲ್ಲಿ ಲ್ಯಾಟಿನ್ ಅಮೆರಿಕ ದಾರಿ ಸುಲಭ ಮಾಡಿದೆ. ಸ್ಪೇನ್‌ನ ಬಹುಪಾಲು ಭಾಗದಲ್ಲಿ ಗೆಳೆಯರ ಗುಂಪಿಗೆ ‘ಬೊಸೋತ್ರೋಸ್’, ಹಿರಿಯರ ಗುಂಪಿಗೆ ‘ಉಸ್ತೆದೆಸ್’. ಅಮೆರಿಕ ಖಂಡದಲ್ಲಿ ಎಲ್ಲರಿಗೂ ‘ಉಸ್ತೆದೆಸ್’.

ಇನ್ನು ‘ಅದನ್ನು’, ‘ಅವನಿಗೆ’ಗಳ ಪುಟ್ಟ ಸರ್ವನಾಮಗಳಿಗೆ ಕೂರುವ ಜಾಗ ಗೊತ್ತಾಗಿದೆ. ‘ನನಗೆ ಅದನ್ನು ಕೊಡ್ತೀಯ’ ಎಂದರೆ ‘ಮೆ ಲೊ ದಾಸ್’. ಅಪ್ಪಣೆಯಾದರೆ ಎಲ್ಲ ಬಾಲಕ್ಕೆ ಅಂಟಿಕೊಂಡು ‘ದಾಮೆಲೊ’. ‘ಅವನಿಗೆ’ ಎಂಬುದಕ್ಕೆ ‘ಲೆ’, ‘ಅದನ್ನು’ ಎಂಬುದಕ್ಕೆ ‘ಲೊ’. ಆದರೆ ಎರಡೂ ಒಟ್ಟಿಗೆ ಬಂದರೆ ‘ಲೆ ಲೊ’ ಆಗದು, ‘ಸೆ ಲೊ’ ಆಗುತ್ತದೆ. ಇದಕ್ಕೆ ಉರು ಹೊಡೆಯುವುದೇ ದಾರಿ.

ಹಾಗೆಂದು ಕನ್ನಡಿಗರು ಬೆದರಬೇಕಿಲ್ಲ, ಇಂಗ್ಲಿಷ್ ಮಾತೃಭಾಷೆಯವರು ವಾರಗಟ್ಟಲೆ ಒದ್ದಾಡುವ ಒಂದು ಪಾಠ ಅವರಿಗೆ ಪುಕ್ಕಟೆ. ‘ಮೆ ಗುಸ್ತಾ ಎಲ್ ಕಫೆ’ ಎಂಬುದರ ಕಟ್ಟೋಣ ‘ನನಗೆ ಕಾಫಿ ಇಷ್ಟ’ ಎಂಬುದರದ್ದೇ. ಇಷ್ಟಪಡುವವನು ಚತುರ್ಥಿಯಲ್ಲಿ, ಇಷ್ಟವಾದದ್ದು ಪ್ರಥಮೆಯಲ್ಲಿ. ‘ನಾನು’ ಇಲ್ಲೂ ಬೇಕಿಲ್ಲ.

ಕಲಿಯುವವರು ಅಪರಿಚಿತರೊಡನೆ ‘ಉಸ್ತೆದ್’ನಿಂದಲೇ ಶುರುಮಾಡುವುದು ಕ್ಷೇಮ. ಸ್ಪೇನ್‌ನ ಅಂಗಡಿ, ಹೋಟೆಲುಗಳಲ್ಲಿ ನಿಮ್ಮನ್ನೇ ‘ತು’ ಎಂದರೆ ಮುನಿಯಬೇಡಿ. ಅಲ್ಲಿ ಈಗ ಅದು ಸಾಮಾನ್ಯ ರೂಢಿ. ಏಕವಚನದಲ್ಲಿ ಮಾತಾಡಿಸುವುದಕ್ಕೆ ಆ ಭಾಷೆಯಲ್ಲಿ ‘ತುತೆಯಾರ್’ ಎಂಬ ಕ್ರಿಯಾಪದವೇ ಇದೆ. ಹಿರಿಯರೊಬ್ಬರು ‘ಮೆ ಪ್ವೆದೆಸ್ ತುತೆಯಾರ್’ ಎಂದರೆ ‘ನೀನು ಅಂತಲೇ ಕರೆಯಬಹುದು’ ಎಂದರ್ಥ. ಅದಾದ ಮೇಲೂ ‘ಉಸ್ತೆದ್’ ಎನ್ನುತ್ತಿದ್ದರೆ ಅವರು ಮುಖ ಸಪ್ಪೆ ಮಾಡಿಕೊಂಡಾರು.