ಮೀಟರಿನ ಕಿವಿ

ತನ್ನನ್ನು ಎಷ್ಟು ಜನ ಕೇಳುತ್ತಿದ್ದಾರೆಂದು ತಿಳಿಯುವ ದಾರಿ ರೇಡಿಯೊ ನಿಲಯಕ್ಕೆ ಇಲ್ಲ. ಪತ್ರಿಕೆಗೆ ಏಜೆಂಟರ ಲೆಕ್ಕವಿದೆ, ಸಿನಿಮಾಕ್ಕೆ ಟಿಕೆಟ್ಟಿನ ಲೆಕ್ಕವಿದೆ. ರೇಡಿಯೊ ಅಲೆಗೆ ಅಂಥದ್ದೇನೂ ಇಲ್ಲ. ಊರಲ್ಲಿ ಒಂದೇ ಸೆಟ್ ಹಚ್ಚಿದ್ದರೂ, ಒಂದು ಲಕ್ಷ ಸೆಟ್ ಹಚ್ಚಿದ್ದರೂ ಟ್ರಾನ್ಸ್‌ಮಿಟರಿಗೆ ತಗಲುವ ವಿದ್ಯುತ್ತು ಅಷ್ಟೇ. ಕೇಳುಗರ ಕಡೆಯಿಂದ ಯಾವ ಸುದ್ದಿಯೂ ಅದಕ್ಕೆ ಮರಳಿ ಬರುವುದಿಲ್ಲ. ಆದರೆ ಖಾಸಗಿ ರೇಡಿಯೊ ಬದುಕಿರುವುದೇ ಜಾಹೀರಾತಿನಿಂದ, ಜಾಹೀರಾತಿನ ದರ ನಿಂತಿರುವುದು ಕೇಳುಗರ ಸಂಖ್ಯೆಯ ಮೇಲೆ. ಕಾಣದ ಈ ಜನರನ್ನು ಎಣಿಸಲು ಕಳೆದ ಸುಮಾರು ನೂರು ವರ್ಷಗಳಲ್ಲಿ ಹೂಡಿದ ಉಪಾಯಗಳೆಲ್ಲ ಒಂದೊಂದು ಬಗೆಯಲ್ಲಿ ಜಾಣತನದವು, ಒಂದೊಂದು ಬಗೆಯಲ್ಲಿ ಕುಂಟು.

ಈ ಕೆಲಸ ಮೊದಲು ಗಟ್ಟಿಯಾಗಿ ಶುರುವಾದದ್ದು ಅಮೆರಿಕದಲ್ಲಿ. 1930ರಲ್ಲಿ ಆರ್ಚಿಬಾಲ್ಡ್ ಕ್ರಾಸ್ಲೆ ಎಂಬಾತ ಮನೆಗಳಿಗೆ ಫೋನ್ ಮಾಡಿಸಿ, ಹಿಂದಿನ ದಿನ ಏನೇನು ಕೇಳಿದಿರಿ ಎಂದು ವಿಚಾರಿಸುವ ಪದ್ಧತಿ ತಂದ. ನೆನಪನ್ನು ನಂಬಿದರೆ ಆಗದು ಎಂದುಕೊಂಡ ಸಿ.ಇ. ಹೂಪರ್ ಅದೇ ದಶಕದಲ್ಲಿ ಪ್ರಶ್ನೆಯನ್ನೇ ಬದಲಿಸಿದ: ಈಗ, ಈ ಕ್ಷಣ ನಿಮ್ಮ ಮನೆಯ ರೇಡಿಯೊದಲ್ಲಿ ಏನು ಬರುತ್ತಿದೆ? ಮರೆವಿನ ತೊಂದರೆ ಇದರಿಂದ ತಪ್ಪಿತು. ಆದರೆ ಫೋನ್ ಇಲ್ಲದ ಮನೆಗಳು ಎರಡೂ ಲೆಕ್ಕಗಳಿಂದ ಹೊರಗೇ ಉಳಿದವು. ಆ ಕಾಲದ ಬಡವರು, ಹಳ್ಳಿಯವರು ರೇಡಿಯೊ ಕೇಳುತ್ತಿದ್ದರೂ ಎಣಿಕೆಗೆ ಬರಲಿಲ್ಲ.

ಇನ್ನೊಂದು ಕಡೆ ಎಂಐಟಿಯ ರಾಬರ್ಟ್ ಎಲ್ಡರ್ ಮತ್ತು ಲೂಯಿಸ್ ವುಡ್‌ರಫ್ ಒಂದು ಯಂತ್ರ ಕಟ್ಟಿದ್ದರು. ಹೆಸರು ಆಡಿಮೀಟರ್. ರೇಡಿಯೊ ಸೆಟ್ಟಿಗೆ ಅದನ್ನು ಜೋಡಿಸಿದರೆ ಸೆಟ್ ಯಾವಾಗ ಹಚ್ಚಿದರು, ಮುಳ್ಳು ಯಾವ ನಿಲಯದ ಮೇಲೆ ಎಷ್ಟು ಹೊತ್ತು ನಿಂತಿತ್ತು ಎಂಬುದು ಸುತ್ತುವ ಪಟ್ಟಿಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. 1936ರಲ್ಲಿ ಆರ್ಥರ್ ನೀಲ್ಸನ್ ಇದನ್ನು ಕೊಂಡು, 1942ರಲ್ಲಿ ರಾಷ್ಟ್ರಮಟ್ಟದ ಸೇವೆ ಆರಂಭಿಸಿದ. ಗೆರೆ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಸೆಟ್ಟಿನ ಮುಂದೆ ಯಾರಿದ್ದರು, ಯಾರಾದರೂ ಇದ್ದರೋ ಇಲ್ಲವೋ ಎಂಬುದನ್ನೂ ಹೇಳುತ್ತಿರಲಿಲ್ಲ. ಮುಂದೆ ಟ್ರಾನ್ಸಿಸ್ಟರ್ ಬಂದು, ರೇಡಿಯೊ ಹಜಾರದಿಂದ ಎದ್ದು ಕಾರಿಗೆ, ಅಡುಗೆಮನೆಗೆ, ಜೇಬಿಗೆ ಹೊರಟಿತು. ಮನೆಯ ಸೆಟ್ಟಿಗೆ ಕಟ್ಟಿದ ಯಂತ್ರಕ್ಕೆ ಆಮೇಲೆ ಕೆಲಸವಿರಲಿಲ್ಲ.

ಆಗ ಗೆದ್ದದ್ದು ಕಾಗದದ ಡೈರಿ. ಆರ್ಬಿಟ್ರಾನ್ ಕಂಪನಿ ಆಯ್ದ ಜನರಿಗೆ ಪುಟ್ಟ ಪುಸ್ತಕ ಕಳುಹಿಸುತ್ತಿತ್ತು. ಒಂದು ವಾರ ಯಾವ ನಿಲಯವನ್ನು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಕೇಳಿದಿರಿ ಎಂದು ಬರೆದು ಅಂಚೆಗೆ ಹಾಕಬೇಕು. ನಮ್ಮಲ್ಲೂ ಇದೇ ದಾರಿ. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ಶುರುವಾಯಿತು. 2007ರಲ್ಲಿ ಟ್ಯಾಮ್ ಮೀಡಿಯಾ ರಿಸರ್ಚ್ ಸಂಸ್ಥೆ ಮುಂಬೈ, ದೆಹಲಿ, ಬೆಂಗಳೂರುಗಳಲ್ಲಿ ‘ರ‍್ಯಾಮ್’ ಎಂಬ ಅಳತೆ ಆರಂಭಿಸಿದಾಗ ಅದೂ ಡೈರಿಯನ್ನೇ ನೆಚ್ಚಿತ್ತು.

ಡೈರಿಯ ಗುಟ್ಟು ಅದನ್ನು ತುಂಬಿಸಿದವರಿಗೆಲ್ಲ ಗೊತ್ತು. ಯಾರೂ ನಿಮಿಷ ನಿಮಿಷಕ್ಕೆ ಬರೆಯುವುದಿಲ್ಲ. ರಾತ್ರಿ ಕುಳಿತು, ಕೆಲವರು ವಾರದ ಕೊನೆಯಲ್ಲಿ ಕುಳಿತು, ನೆನಪಾದದ್ದನ್ನು ಬರೆಯುತ್ತಾರೆ. ನೆನಪಾಗುವುದು ಮೆಚ್ಚಿನ ನಿಲಯ, ದಿನವೂ ಕೇಳುವ ಕಾರ್ಯಕ್ರಮ, ಹೆಸರು ಬಾಯಲ್ಲಿ ಕೂತಿರುವ ನಿರೂಪಕಿ. ಎಂಟೂ ಹದಿಮೂರಕ್ಕೆ ಹಚ್ಚಿದ್ದು ಎಂಟು ಗಂಟೆಯಾಗುತ್ತದೆ, ಎಂಟೂ ಐವತ್ತಕ್ಕೆ ಆರಿಸಿದ್ದು ಒಂಬತ್ತಾಗುತ್ತದೆ. ಆಟೊದಲ್ಲಿ ಹಾಡುತ್ತಿದ್ದ ನಿಲಯ, ಕ್ಷೌರದಂಗಡಿಯಲ್ಲಿ ಮೊಳಗುತ್ತಿದ್ದ ನಿಲಯ ಪುಸ್ತಕಕ್ಕೆ ಬರುವುದೇ ಇಲ್ಲ. ಡೈರಿ ಅಳೆಯುವುದು ನಿಲಯದ ಮೇಲಿನ ಒಲವನ್ನು. ಅದೇನೂ ನಿರುಪಯುಕ್ತ ಅಳತೆಯಲ್ಲ, ಆದರೆ ಕೇಳಿದ ಹೊತ್ತಿನ ಅಳತೆಯೂ ಅಲ್ಲ.

ಈ ಮರೆವನ್ನು ದಾಟಲು 1990ರ ದಶಕದಲ್ಲಿ ಆರ್ಬಿಟ್ರಾನ್ ರೂಪಿಸಿದ ಯಂತ್ರವೇ ಪೋರ್ಟಬಲ್ ಪೀಪಲ್ ಮೀಟರ್, ಚಿಕ್ಕದಾಗಿ ಪಿಪಿಎಂ. ಮೊದಲ ಪರೀಕ್ಷೆ ನಡೆದದ್ದು 1998ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. 2007ರಲ್ಲಿ ಅಮೆರಿಕದ ಫಿಲಡೆಲ್ಫಿಯ ಮತ್ತು ಹ್ಯೂಸ್ಟನ್ ನಗರಗಳಲ್ಲಿ ಅದರ ಅಂಕಿಯೇ ಅಧಿಕೃತ ರೇಟಿಂಗ್ ಆಯಿತು. ನೋಡಲು ಹಳೆಯ ಪೇಜರಿನಂತಿದ್ದ ಅದನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬೇಕು. ರಾತ್ರಿ ಅದರ ತೊಟ್ಟಿಲಿಗೆ ಇಟ್ಟರೆ ಚಾರ್ಜ್ ಆಗುತ್ತಾ ದಿನದ ಲೆಕ್ಕವನ್ನು ಕಂಪನಿಗೆ ಕಳುಹಿಸುತ್ತದೆ. ಒಳಗೆ ಚಲನೆಯನ್ನು ಗುರುತಿಸುವ ಸೆನ್ಸರ್ ಇದೆ. ಮೇಜಿನ ಮೇಲೆ ಬಿಟ್ಟು ಹೋದರೆ ಅದಕ್ಕೆ ತಿಳಿಯುತ್ತದೆ. ಇತ್ತೀಚೆಗೆ ಕೈಗೆ ಕಟ್ಟುವ, ಕೊರಳಿಗೆ ಹಾಕಿಕೊಳ್ಳುವ ಮಾದರಿಗಳೂ ಬಂದಿವೆ.

ಮೀಟರು ನಮ್ಮ ಮಾತನ್ನು ಧ್ವನಿಮುದ್ರಣ ಮಾಡುವುದಿಲ್ಲ, ಹಾಡನ್ನೂ ಗುರುತಿಸುವುದಿಲ್ಲ. ಅದು ಹುಡುಕುವುದು ಒಂದು ಗುಪ್ತ ಸಂಕೇತವನ್ನು ಮಾತ್ರ. ಪ್ರತಿ ನಿಲಯದಲ್ಲೂ ಎನ್‌ಕೋಡರ್ ಎಂಬ ಪೆಟ್ಟಿಗೆ ಇರುತ್ತದೆ. ಕಾರ್ಯಕ್ರಮದ ಧ್ವನಿ ಟ್ರಾನ್ಸ್‌ಮಿಟರಿಗೆ ಹೋಗುವ ಮೊದಲು ಇದರ ಮೂಲಕ ಹಾಯುತ್ತದೆ. ಸೆಕೆಂಡಿಗೆ 1,000ದಿಂದ 3,000 ಕಂಪನಗಳ ನಡುವಿನ ಪಟ್ಟಿಯಲ್ಲಿ ಇದು ಸಣ್ಣ ಸಣ್ಣ ಸ್ವರಗಳನ್ನು ಸೇರಿಸುತ್ತದೆ. ಯಾವ ಸ್ವರದ ಜೊತೆ ಯಾವುದು ಬಂತು ಎಂಬುದರಲ್ಲಿ ನಿಲಯದ ಗುರುತು ಅಡಗಿದೆ. ಇಡೀ ಸಂದೇಶಕ್ಕೆ ಸುಮಾರು ಐದು ಸೆಕೆಂಡು ಸಾಕು, ಮುಗಿದ ಕೂಡಲೇ ಮತ್ತೆ ಮೊದಲಿಂದ. ವಿಶೇಷವೆಂದರೆ ಇದು ಕಿವಿಗೆ ಅತ್ಯಂತ ಚುರುಕಾಗಿ ಕೇಳುವ ಪಟ್ಟಿ. ಅಲ್ಲೇ ಬಚ್ಚಿಟ್ಟ ಸ್ವರ ನಮಗೇಕೆ ಕೇಳಿಸದು?

ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಬಾರಿಸುವುದು ಸೀನು, ಅಪಶಕುನದ ಮಾತು ಯಾರ ಕಿವಿಗೂ ಬೀಳದಿರಲಿ ಎಂದು. ಸೀನಿದವರ ಸದ್ದು ಮಂಟಪದಲ್ಲಿ ಇದ್ದೇ ಇರುತ್ತದೆ, ಮೇಳದಡಿ ಮುಚ್ಚಿಹೋಗಿರುತ್ತದೆ ಅಷ್ಟೆ. ನಮ್ಮ ಒಳಗಿವಿ ಶಬ್ದವನ್ನು ಕಂಪನದ ಪ್ರಕಾರ ಪಟ್ಟಿ ಪಟ್ಟಿಯಾಗಿ ವಿಂಗಡಿಸಿಕೊಳ್ಳುತ್ತದೆ. ಒಂದೇ ಪಟ್ಟಿಯಲ್ಲಿ ಜೋರಾದ ಸ್ವರ, ಅದರ ಪಕ್ಕ ಮೆಲ್ಲನೆಯ ಸ್ವರ ಒಟ್ಟಿಗೆ ಬಂದರೆ ಮೆಲ್ಲನೆಯದು ನಮಗೆ ಇಲ್ಲವಾಗುತ್ತದೆ. ಎನ್‌ಕೋಡರ್ ಹಾಡನ್ನು ಗಮನಿಸುತ್ತಾ, ಯಾವ ಪಟ್ಟಿಯಲ್ಲಿ ಸದ್ದು ಜೋರಾಗಿದೆಯೋ ಅದರ ನೆರಳಲ್ಲಿ ತನ್ನ ಸ್ವರವನ್ನು ಇಡುತ್ತದೆ. ಮನುಷ್ಯನಿಗೆ ಕೇಳದ ಅದನ್ನು ಮೀಟರಿನ ಮೈಕು ಗಣಿತದಿಂದ ಹೆಕ್ಕಿ ತೆಗೆಯುತ್ತದೆ. ಇಂಥದ್ದೊಂದನ್ನು ಯೋಚಿಸಿ, ಸೊಂಟದ ಪೆಟ್ಟಿಗೆಯೊಳಗೆ ಕೆಲಸ ಮಾಡಿಸಿದ ಎಂಜಿನಿಯರುಗಳ ಬಗ್ಗೆ ನನಗೆ ನಿಜವಾದ ಮೆಚ್ಚುಗೆಯಿದೆ.

ಯಂತ್ರದ ದೌರ್ಬಲ್ಯ ಹುಟ್ಟುವುದೂ ಅಲ್ಲಿಂದಲೇ. ಜೋರು ಸದ್ದು ಇಲ್ಲದ ಕಡೆ ನೆರಳಿಲ್ಲ, ನೆರಳಿಲ್ಲದ ಕಡೆ ಸಂಕೇತ ಇಡುವಂತಿಲ್ಲ, ಇಟ್ಟರೆ ಕೇಳಿಸಿಬಿಡುತ್ತದೆ. ಹೀಗಾಗಿ ಡ್ರಮ್ಮು, ಗಿಟಾರು, ಕೂಗು ತುಂಬಿದ ಹಾಡಿಗೆ ಸಂಕೇತ ದಟ್ಟವಾಗಿ ಅಂಟಿಕೊಳ್ಳುತ್ತದೆ. ಒಬ್ಬರೇ ನಿಧಾನವಾಗಿ, ನಡುನಡುವೆ ನಿಲ್ಲಿಸಿ ಮಾತಾಡುವ ಕಾರ್ಯಕ್ರಮಕ್ಕೆ, ಒಂಟಿ ವಾದ್ಯದ ವಿಳಂಬಿತ ಆಲಾಪಕ್ಕೆ ಅಂಟುವುದು ತೆಳುವಾಗಿ. ಮೇಲೆ ಕೋಣೆಯ ಫ್ಯಾನು, ರಸ್ತೆಯ ಗದ್ದಲ ಸೇರಿದರೆ ಮೈಕಿಗೆ ಅದು ಸಿಗದೆಯೇ ಹೋಗಬಹುದು. ಒಬ್ಬಾಕೆ ಮೆಲುದನಿಯ ಸಂದರ್ಶನವನ್ನು ಉಸಿರು ಬಿಗಿಹಿಡಿದು ಕೇಳುತ್ತಿದ್ದರೂ ಆಕೆಯ ಮೀಟರು ಆ ನಿಲಯದ ಖಾತೆಗೆ ಏನೂ ಬರೆಯದಿರಬಹುದು. ಪಕ್ಕದ ಅಂಗಡಿಯ ಅಬ್ಬರದ ಹಾಡಿಗೆ ಆಕೆ ಕಿವಿಗೊಡದಿದ್ದರೂ ಆ ನಿಲಯಕ್ಕೆ ಅಂಕ ಬೀಳಬಹುದು. ಅಳತೆಯ ದೋಷ ಎಲ್ಲರ ಮೇಲೂ ಸಮವಾಗಿ ಹಂಚಿಹೋದರೆ ಹೇಗೋ ಸಹಿಸಬಹುದಿತ್ತು. ಇದು ಮೆಲ್ಲನೆ ಮಾತಾಡುವವರ ಮೇಲೆ ಮಾತ್ರ ಬೀಳುವ ದಂಡ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಗಂಭೀರವಾದದ್ದು ಇದೇ.

ಇದು ಬರೀ ಊಹೆಯಲ್ಲ ಎಂಬುದಕ್ಕೆ ವೋಲ್ಟೇರ್ ಎಂಬ ಪೆಟ್ಟಿಗೆಯ ಕಥೆ ಇದೆ. 2014ರ ಸುಮಾರಿಗೆ ಟೆಲೋಸ್ ಬಳಗದ ಕಂಪನಿಯೊಂದು ಇದನ್ನು ಮಾರುಕಟ್ಟೆಗೆ ತಂದಿತು. ಬೆಲೆ 15,000 ಡಾಲರ್. ನಿಲಯದ ಧ್ವನಿಗೆ ಸಂಕೇತ ಎಷ್ಟು ಗಟ್ಟಿಯಾಗಿ ಅಂಟಿದೆ ಎಂದು ಅದು ಕ್ಷಣ ಕ್ಷಣಕ್ಕೂ ತೋರಿಸುತ್ತಿತ್ತು, ಬೇಕಾದರೆ ಇನ್ನಷ್ಟು ಗಟ್ಟಿ ಮಾಡುತ್ತಿತ್ತು. ಅಮೆರಿಕದ ನಿಲಯಗಳು ಸಾಲುಗಟ್ಟಿ ಕೊಂಡವು. ಕಾರ್ಯಕ್ರಮ ಬದಲಿಸದೆ, ಹೊಸ ಕೇಳುಗರನ್ನು ಸೆಳೆಯದೆ, ಪೆಟ್ಟಿಗೆಯೊಂದನ್ನು ಕೊಂಡು ರೇಟಿಂಗ್ ಏರಿಸಬಹುದಾದರೆ ಅಲ್ಲಿಯವರೆಗಿನ ರೇಟಿಂಗ್ ಅಳೆದದ್ದೇನು? 2013ರಲ್ಲಿ ಆರ್ಬಿಟ್ರಾನನ್ನು ಕೊಂಡಿದ್ದ ನೀಲ್ಸನ್ ಕಂಪನಿ ಕೊನೆಗೆ 2015ರಲ್ಲಿ ತನ್ನ ಸಂಕೇತವನ್ನೇ ಬಲಪಡಿಸಿ ಎಲ್ಲ ನಿಲಯಗಳಿಗೂ ಕೊಟ್ಟಿತು. ಸೂಕ್ಷ್ಮ ಕಿವಿಯ ಕೆಲವು ಎಂಜಿನಿಯರುಗಳಿಗೆ ಆಗ ಮಾತಿನ ಹಿಂದೆ ಸಣ್ಣ ಮಾರ್ದನಿಯಂಥದ್ದು ಕೇಳಿಸತೊಡಗಿತು. ಸ್ಮೂತ್ ಜಾಝ್ ಎಂಬ ಮೃದು ಸಂಗೀತದ ನಿಲಯಗಳು ಮೀಟರು ಬಂದ ಕೆಲವೇ ವರ್ಷಗಳಲ್ಲಿ ನ್ಯೂಯಾರ್ಕೂ ಸೇರಿ ಹಲವು ನಗರಗಳಲ್ಲಿ ಮರೆಯಾಗಿದ್ದವು. ಅದರಲ್ಲಿ ಜನರ ರುಚಿಯ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ಬೇರ್ಪಡಿಸಿ ತೋರಿಸುವುದು ಕಷ್ಟ. ಹಾಗೆ ತೋರಿಸಲು ಬೇಕಾದ ಲೆಕ್ಕವೂ ಅದೇ ಯಂತ್ರದಿಂದಲೇ ಬರಬೇಕು.

ಸಂಕೇತಕ್ಕೆ ಪರ್ಯಾಯವಿದೆ. ಸ್ವಿಟ್ಜರ್ಲೆಂಡ್ 2001ರಿಂದ ಬಳಸಿದ ಕೈಗಡಿಯಾರ ಪ್ರತಿ ನಿಮಿಷ ಕೆಲವು ಸೆಕೆಂಡು ಸುತ್ತಲಿನ ಸದ್ದಿನ ಮಾದರಿ ತೆಗೆದುಕೊಳ್ಳುತ್ತಿತ್ತು. ಆಮೇಲೆ ಅದನ್ನು ನಿಲಯಗಳ ಪ್ರಸಾರದ ದಾಖಲೆಯೊಂದಿಗೆ ಬೆರಳಚ್ಚು ಹೋಲಿಸಿದಂತೆ ಹೋಲಿಸುತ್ತಿದ್ದರು. ನಿಲಯದಲ್ಲಿ ಎನ್‌ಕೋಡರ್ ಬೇಕಿಲ್ಲ. ಆದರೆ ಎರಡು ನಿಲಯಗಳು ಒಂದೇ ಕಾರ್ಯಕ್ರಮವನ್ನು ಏಕಕಾಲಕ್ಕೆ ಬಿತ್ತರಿಸಿದರೆ ಯಾವುದನ್ನು ಕೇಳಿದರೆಂದು ಹೇಳಲಾಗದು.

ಇನ್ನು ಮೀಟರನ್ನು ಯಾರು ಹೊತ್ತಿದ್ದಾರೆ ಎಂಬ ಪ್ರಶ್ನೆ. ಊರಿಗೆಲ್ಲ ಕೊಡಲಾಗುವುದಿಲ್ಲ, ಡೈರಿಯಾದರೂ ಅಷ್ಟೇ. ರ‍್ಯಾಮ್ ಬಳಸಿದ್ದು ನಗರಕ್ಕೆ 480 ಜನರ ಮಾದರಿ. ವಾರದಲ್ಲಿ ಒಮ್ಮೆಯಾದರೂ ಒಂದು ನಿಲಯ ಕೇಳಿದವರು ಶೇ 20 ಎಂದು ಇಷ್ಟು ದೊಡ್ಡ ಮಾದರಿಯಿಂದ ಬಂದರೆ, ನಿಜವಾದ ಸಂಖ್ಯೆ ಸುಮಾರು 16.4ರಿಂದ 23.6ರ ನಡುವೆ ಎಲ್ಲಿಯಾದರೂ ಇರಬಹುದು. ಎದುರಾಳಿ ನಿಲಯಕ್ಕೆ 22 ಬಂತೆಂದು ಹೋರ್ಡಿಂಗ್ ಹಾಕಿ ‘ನಾವೇ ನಂಬರ್ ಒನ್’ ಎಂದರೆ ಅದಕ್ಕೆ ಸಂಖ್ಯಾಶಾಸ್ತ್ರದ ಆಧಾರವಿಲ್ಲ. ಒಂದು ನಿರ್ದಿಷ್ಟ ಕಾಲು ಗಂಟೆಗೆ ಇಳಿದರೆ ಇನ್ನೂ ಕಷ್ಟ. ಶೇ 1 ಎಂದರೆ ಐದು ಜನ. ಇಬ್ಬರು ಊರಿಗೆ ಹೋದರೆಂದರೆ ರೇಟಿಂಗ್ ನೂರಕ್ಕೆ ನಲವತ್ತರಷ್ಟು ಕುಸಿಯುತ್ತದೆ, ನಿರೂಪಕನ ಕೆಲಸಕ್ಕೇ ಸಂಚಕಾರ ಬರಬಹುದು. ಈ ಅನುಮಾನದ ಅಗಲವನ್ನು ಅರ್ಧಕ್ಕಿಳಿಸಬೇಕಾದರೆ ಮಾದರಿಯನ್ನು ನಾಲ್ಕು ಪಟ್ಟು ಮಾಡಬೇಕು, 1,920 ಜನ. ಆ ಖರ್ಚನ್ನು ಕೊಡುವವರು ಸಾಮಾನ್ಯವಾಗಿ ಇರುವುದಿಲ್ಲ.

ಮಾದರಿ ದೊಡ್ಡದಾದರೂ ವಾಲಿಕೊಂಡಿದ್ದರೆ ಸರಿಹೋಗುವುದಿಲ್ಲ. 2008ರಲ್ಲಿ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ರಾಜ್ಯಗಳ ಅಟಾರ್ನಿ ಜನರಲ್‌ಗಳು ಆರ್ಬಿಟ್ರಾನ್ ಮೇಲೆ ಮೊಕದ್ದಮೆ ಹೂಡಿದರು. ಕಪ್ಪು ಜನರ, ಸ್ಪ್ಯಾನಿಷ್ ಭಾಷಿಕರ ನಿಲಯಗಳ ರೇಟಿಂಗ್ ಮೀಟರು ಬಂದಮೇಲೆ ಪಾತಾಳಕ್ಕಿಳಿದಿತ್ತು, ಮೀಟರ್ ಹೊತ್ತವರಲ್ಲಿ ಆ ಸಮುದಾಯಗಳ ಪಾಲು ಸಾಲದು ಎಂಬುದು ದೂರು. ಮುಂದಿನ ವರ್ಷದ ರಾಜಿಯಲ್ಲಿ, ಮನೆಯಲ್ಲಿ ಲ್ಯಾಂಡ್‌ಲೈನ್ ಇಲ್ಲದೆ ಮೊಬೈಲ್ ಮಾತ್ರ ಇರುವವರನ್ನು ಹೆಚ್ಚು ಸೇರಿಸಿಕೊಳ್ಳುವುದಕ್ಕೆ ಕಂಪನಿ ಒಪ್ಪಿತು. ಹೂಪರನ ಕಾಲದಲ್ಲಿ ಫೋನ್ ಇಲ್ಲದವರು ಬಿಟ್ಟುಹೋದಂತೆ ಇಲ್ಲಿ ಲ್ಯಾಂಡ್‌ಲೈನ್ ಇಲ್ಲದವರು ಬಿಟ್ಟುಹೋಗಿದ್ದರು.

ಇಷ್ಟೆಲ್ಲ ದಾಟಿ ಬಂದ ನಿಮಿಷಗಳನ್ನು ಕೂಡಿಸುವ ರೀತಿಯೂ ನೋಡಬೇಕು. ಗಂಟೆಯನ್ನು ನಾಲ್ಕು ಕಾಲುಗಳಾಗಿ ಕತ್ತರಿಸಿ, ಒಂದು ಕಾಲಿನಲ್ಲಿ ಒಟ್ಟು ಐದು ನಿಮಿಷ ಕೇಳಿದರೆ ಇಡೀ ಕಾಲು ಗಂಟೆ ಕೇಳಿದಂತೆ ಎಂಬುದು ಬಹುಕಾಲದ ನಿಯಮ. 10:10ರಿಂದ 10:20ರವರೆಗೆ ಹತ್ತು ನಿಮಿಷ ಕೇಳಿದರೆ ಎರಡು ಕಾಲು, ಅಂದರೆ ಅರ್ಧ ಗಂಟೆಯ ಲೆಕ್ಕ. 10:11ರಿಂದ 10:19ರವರೆಗೆ ಎಂಟು ನಿಮಿಷ ಕೇಳಿದರೆ ಅಲ್ಲಿ ನಾಲ್ಕು, ಇಲ್ಲಿ ನಾಲ್ಕು, ಲೆಕ್ಕ ಸೊನ್ನೆ. ಇದನ್ನರಿತ ಕಾರ್ಯಕ್ರಮ ನಿರ್ದೇಶಕರು ಕಾಲು ಗಂಟೆಯ ಗಡಿ ದಾಟುವ ಹೊತ್ತಿಗೆ ಒಳ್ಳೆಯ ಹಾಡುಗಳನ್ನು ಇಟ್ಟು, ಜಾಹೀರಾತನ್ನು ಗಡಿಯಿಂದ ದೂರಕ್ಕೆ ತಳ್ಳುತ್ತಾರೆ. ಯಾವ ನಿಮಿಷಕ್ಕೆ ಯಾವ ಹಾಡು ಬರಬೇಕೆಂಬುದನ್ನು ಹೀಗೆ ಎಣಿಕೆಯ ನಿಯಮ ನಿರ್ಧರಿಸುತ್ತಿದೆ.

2025ರ ಜನವರಿಯಿಂದ ಮೀಟರ್ ಇರುವ ನಗರಗಳಲ್ಲಿ ನೀಲ್ಸನ್ ಆ ಐದು ನಿಮಿಷವನ್ನು ಮೂರಕ್ಕೆ ಇಳಿಸಿದೆ. ಗಡಿಯ ಆಚೀಚೆ ಮೂರು ಮೂರು, ಒಟ್ಟು ಆರು ನಿಮಿಷ ಕೇಳಿದರೂ ಈಗ ಅರ್ಧ ಗಂಟೆ. ಹಿಂದಿನ ಡಿಸೆಂಬರಿನಲ್ಲಿ ಎಷ್ಟು ಹೊತ್ತು ಕೇಳುತ್ತಿದ್ದರೋ ಜನವರಿಯಲ್ಲೂ ಜನ ಅಷ್ಟೇ ಹೊತ್ತು ಕೇಳಿದರೂ ರೇಟಿಂಗ್ ಏರುತ್ತದೆ. ಆ ಎರಡು ತಿಂಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ರೇಡಿಯೊ ಮತ್ತೆ ಚಿಗುರಿದೆ ಎಂದು ಯಾರಾದರೂ ವರದಿ ತಂದರೆ, ಎಣಿಸಿದ್ದು ಎಷ್ಟು ನಿಮಿಷದ ನಿಯಮದಲ್ಲಿ, ಮೀಟರ್ ಹೊತ್ತವರು ಎಷ್ಟು ಜನ, ಆ ಅಂಕಿಯ ಆಚೀಚೆ ಎಷ್ಟು ಅನುಮಾನವಿದೆ ಎಂದು ಮೊದಲು ಕೇಳಬೇಕು.